ನಾಲ್ಕು ಸುತ್ತು, ಆಮೇಲೆ ಗೆರೆಗೆ ಗೆರೆ

ಬಿಬವೇವಾಡಿ, ಪುಣೆ
೧೨ ಜನವರಿ ೨೦೨೫

ಮುರುಗೆಪ್ಪ ಕಾಕಾ ಅವರಿಗೆ ಸೋನಾಲಿಯ ನಮಸ್ಕಾರ.

ಕಾಗದದ ಮೊದಲ ಸಾಲಿನಲ್ಲಿ 'ನಾವೆಲ್ಲ ಕ್ಷೇಮ' ಎಂದು ಬರೆಯಬೇಕೆಂದು ಕಲಿಸಿದವರು ನೀವೇ. ಆ ಸಾಲು ಬಿಟ್ಟು ಬರೆಯುತ್ತಿದ್ದೇನೆ, ಸಿಟ್ಟಾಗಬೇಡಿ. ನಾನು ಮರಾಠಿ ಶಾಲೆಯಲ್ಲಿ ಓದಿದವಳು. ನೀವು ರವಿವಾರಕ್ಕೊಮ್ಮೆ ಕೂರಿಸಿ ತಿದ್ದಿಸಿದ ಕನ್ನಡವೇ ನನ್ನ ಕನ್ನಡ. ತಪ್ಪಿದ್ದರೆ ಮನಸ್ಸಿನಲ್ಲೇ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ.

ನಿಮ್ಮ ಹಳೇ ನಂಬರು ಬಂದ್ ಆಗಿದೆ. ಕಂಪನಿ ಕ್ಯಾಂಟೀನಿನ ಕುಶಲಣ್ಣ ಈ ವಿಳಾಸ ಕೊಟ್ಟರು. ಇಪ್ಪತ್ತೆರಡು ವರ್ಷದ ಕೆಲಸ ಬಿಟ್ಟು ಹಿಂಜವಾಡಿಯಲ್ಲಿ ಯಾವುದೋ ಫ್ಲಾಟುಗಳ ಗೇಟು ಕಾಯುತ್ತಿದ್ದೀರಂತೆ, ಫೋನು ಇಟ್ಟುಕೊಳ್ಳುವುದಿಲ್ಲವಂತೆ. ನನಗೆ ನಂಬಲು ಕಷ್ಟವಾಯಿತು. ಅಪ್ಪನಿಗೆ ಅಪಘಾತವಾದಾಗ ಆಸ್ಪತ್ರೆಗೆ ಒಮ್ಮೆ ಬಂದು ಬಾಗಿಲಲ್ಲೇ ನಿಂತು ಹೋದವರು ಮತ್ತೆ ಬರಲಿಲ್ಲ. ಅವ್ವ ಇವತ್ತಿಗೂ ಕೇಳುತ್ತಾಳೆ, "ಮುರುಗೆಪ್ಪಣ್ಣ ಯಾಕ ಬರವಲ್ರು?"

ಚಾಕಣದ ಕೋಣೆ ಬಿಟ್ಟು ಇಲ್ಲಿಗೆ ಬಂದೆವು. ನಾನು ಇಲ್ಲೇ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹೋದ ಬುಧವಾರ ಕಣ್ಣಿನ ಡಾಕ್ಟರು ಕೊನೆಯ ಮಾತು ಹೇಳಿದರು. ಬಿಸಿ ಕಾಸ್ಟಿಕ್ ನೀರು ಎರಡೂ ಕಣ್ಣು ತಿಂದುಹಾಕಿದೆ. ಅಪ್ಪನಿಗೆ ಇನ್ನು ಬೆಳಕೂ ತಿಳಿಯುವುದಿಲ್ಲ.

ಅದನ್ನು ನಾವು ಹೇಗೋ ನುಂಗಿಕೊಳ್ಳುತ್ತೇವೆ ಕಾಕಾ. ನುಂಗಲಾಗದ್ದು ಬೇರೆಯೇ ಇದೆ. ಅಪ್ಪ ಇಡೀ ದಿನ ಗೋಡೆಗೆ ಬೆನ್ನು ಕೊಟ್ಟು ಕೂತು ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಾನೆ, ಬೋಲ್ಟು ಬಿಗಿಯುವ ಪಾನ ಹಿಡಿದವನ ಹಾಗೆ. "ಒಂದು. ಎರಡು. ಮೂರು. ನಾಲ್ಕು. ಆಮ್ಯಾಲ ಗೆರೀಗಿ ಗೆರಿ." ಸ್ವಲ್ಪ ಹೊತ್ತು ತಡೆಯುತ್ತಾನೆ. ಮತ್ತೆ ಒಂದರಿಂದ ಶುರು. "ಏನು ಎಣಸ್ತಿ?" ಎಂದು ಅವ್ವ ಕೇಳಿದರೆ, "ಎಲ್ಲಿ ಕೈ ತಪ್ಪೀತು ನೋಡ್ಲಿಕತ್ತೀನಿ" ಎನ್ನುತ್ತಾನೆ.

ಕಂಪನಿಯಲ್ಲಿ ಆ ತೊಳೆಯುವ ಲೈನಿನ ಕೆಲಸ ಅಪ್ಪನಿಗೆ ಕಲಿಸಿದವರು ನೀವು. ನನಗೆ ಒಂದೇ ಒಂದು ಉತ್ತರ ಬೇಕು. ನಾಲ್ಕು ಸುತ್ತು ಎನ್ನುವ ಲೆಕ್ಕ ಸರಿಯೋ ತಪ್ಪೋ? ಅಪ್ಪ ಅವತ್ತು ನಿಜವಾಗಿಯೂ ತಪ್ಪು ಮಾಡಿದನೋ? ಮಾಡಿದ್ದರೆ ಮಾಡಿದ ಎಂದೇ ಬರೆಯಿರಿ. ಗೊತ್ತಾದರೆ ಎಣಿಸುವುದನ್ನಾದರೂ ನಿಲ್ಲಿಸುತ್ತಾನೆ.

"ಬರಿ, ಅವರು ಕಾಗದಕ್ಕ ಉತ್ತರ ಬರೀದೆ ಇರೂ ಮನಷ್ಯಾ ಅಲ್ಲ" ಎಂದು ಅವ್ವ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಅವಳ ಮದುವೆಯಾದ ಹೊಸತರಲ್ಲಿ ಪುಣೆಯಿಂದ ಅಪ್ಪನ ಹೆಸರಿನಲ್ಲಿ ಬಂದ ಕಾಗದಗಳನ್ನೆಲ್ಲ ಬರೆದದ್ದು ನೀವೇ ಅಲ್ಲವೇ?

ನಿಮ್ಮ ದಾರಿ ಕಾಯುವ,
ಸೋನಾಲಿ


ಹಿಂಜವಾಡಿ
೨ ಫೆಬ್ರವರಿ ೨೦೨೫

ಚಿ. ಸೋನಾಲಿಗೆ ಮುರುಗೆಪ್ಪ ಕಾಕಾನ ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಗೇಟಿನ ಕುರ್ಚಿಯಲ್ಲಿ ಕೂತು ದಿನಕ್ಕೊಮ್ಮೆ ಓದುತ್ತೇನೆ. ಅಕ್ಷರ ಗುಂಡಗಿದೆ. ಒತ್ತಕ್ಷರ ಮಾತ್ರ ಎಂದಿನಂತೆ ಸೊಟ್ಟ. ನನ್ನ ಕೈಯಲ್ಲಿ ತಿದ್ದಿಸಿಕೊಂಡ ಮೇಲೂ ಹೀಗೆ ಬರೆದರೆ ಮೇಷ್ಟ್ರ ಮಾನ ಹೋಗುತ್ತದೆ ತಂಗಿ.

ಕೇಳಿದ್ದೀಯ ಎಂದು ಹೇಳುತ್ತೇನೆ. ನಮ್ಮ ಲೈನಿನಲ್ಲಿ ಬಣ್ಣ ಹೊಡೆಯುವ ಮೊದಲು ಕಬ್ಬಿಣದ ಭಾಗಗಳನ್ನು ತೊಳೆಯುತ್ತಾರೆ. ಪಂಪು ಬಿಸಿ ಕಾಸ್ಟಿಕ್ ನೀರನ್ನು ತಳ್ಳುತ್ತದೆ. ಆ ನೀರು ಸುಮ್ಮನೆ ಟಾಕಿಗೆ ವಾಪಸ್ ಹರಿದುಹೋದರೆ ಅದರಲ್ಲಿ ಜೋರು ಇರುವುದಿಲ್ಲ, ಜಿಡ್ಡು ಬಿಡುವುದಿಲ್ಲ. ಅದಕ್ಕೆ ವಾಪಸ್ ಹೋಗುವ ದಾರಿಯಲ್ಲಿ ಬ್ಯಾಕ್ ಪ್ರೆಷರ್ ರೆಗ್ಯುಲೇಟರ್ ಕೂರಿಸಿರುತ್ತಾರೆ. ಅದು ಹಿಂದೆ ಬೇಕಾದಷ್ಟು ಒತ್ತಡ ಹಿಡಿದಿಟ್ಟುಕೊಂಡು ಹೆಚ್ಚಾದದ್ದನ್ನು ಮಾತ್ರ ಬಿಡುತ್ತದೆ. ನಾನು ಈಗ ಈ ಗೇಟಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಅದರ ತಲೆಯ ಮೇಲೊಂದು ಬೋಲ್ಟು. ಒಳಗೆ ತಿರುಗಿಸಿದರೆ ಒತ್ತಡ ಏರುತ್ತದೆ, ಹೊರಗೆ ತಿರುಗಿಸಿದರೆ ಇಳಿಯುತ್ತದೆ. ಲೈನು ಶುರು ಮಾಡುವ ಮುಂಚೆ ಬೋಲ್ಟು ಪೂರ್ತಿ ಸಡಿಲ ಇರಬೇಕು. ಪಂಪು ಹಚ್ಚಿದ ಮೇಲೆ ನಿಧಾನವಾಗಿ ಬಿಗಿಯುತ್ತಾ ಗೇಜಿನ ಮುಳ್ಳು ನೋಡಬೇಕು. ಆರು ಕಿಲೋಗೆ ಮುಳ್ಳು ನಿಂತಿತೆಂದರೆ ಚೆಕ್‌ನಟ್ ಬಿಗಿದು ಕೈ ತೆಗೆಯಬೇಕು. ಮುಳ್ಳು ಆರು ದಾಟಿತೋ, ಮೊದಲು ಪಂಪು ಬಂದ್, ಆಮೇಲೆ ವಿಚಾರ. ಕಣ್ಣಿಗೆ ಗಾಗಲ್ ಇಲ್ಲದೆ ಹತ್ತಿರ ಹೋಗಬಾರದು. ಒತ್ತಡ ಪೂರ್ತಿ ಇಳಿಯದೆ ಯಾವ ನಟ್ಟನ್ನೂ ಮುಟ್ಟಬಾರದು. ಇನ್ನೊಂದು ಮಾತು, ರೆಗ್ಯುಲೇಟರ್ ಇದೆ ಎಂದು ಸೇಫ್ಟಿ ವಾಲ್ವು ಬೇಡ ಎನ್ನುವ ಹಾಗಿಲ್ಲ. ಅದು ಬೇರೆ, ಇದು ಬೇರೆ. ನಮ್ಮ ಲೈನಿನ ಸೇಫ್ಟಿ ವಾಲ್ವು ತೊಟ್ಟಿಕ್ಕುತ್ತದೆ ಎಂದು ಎರಡು ವರ್ಷದ ಹಿಂದೆಯೇ ಮೆಂಟೇನನ್ಸಿನವರು ಅದಕ್ಕೆ ಪ್ಲಗ್ಗು ಹೊಡೆದು ಮುಚ್ಚಿದ್ದರು. ಅವತ್ತು ಹೋಸು ಪೈಪು ಕಿತ್ತುಕೊಂಡದ್ದಕ್ಕೆ ಅದೇ ಮೂಲ. ಅಪ್ಪನಿಗೆ ಹೇಳು, ಯಂತ್ರದ ತಪ್ಪಿಗೆ ಮನುಷ್ಯ ತಲೆ ಕೆಡಿಸಿಕೊಳ್ಳಬಾರದು.

ನಾಲ್ಕು ಸುತ್ತಿನ ಮಾತು ಬಿಡಿಸು. ಗೆರೆಯಲ್ಲಂತೂ ಏನೂ ತಪ್ಪಿರಲಿಲ್ಲ.

ನಿಮ್ಮವ್ವ ಸಕ್ಕುಬಾಯಿಗೆ ಶರಣು ಹೇಳು. ಬರಬೇಕು ಅಂದುಕೊಳ್ಳುತ್ತೇನೆ, ರಜೆ ಸಿಗುವುದಿಲ್ಲ.

ನಿನ್ನ ಕಾಕಾ,
ಮುರುಗೆಪ್ಪ


ಬಿಬವೇವಾಡಿ
೨೩ ಫೆಬ್ರವರಿ ೨೦೨೫

ಕಾಕಾ,

ನಿಮ್ಮ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದೆ. ಯಂತ್ರದ ಪಾಠ ಚೆನ್ನಾಗಿದೆ, ನನಗೂ ಅರ್ಥವಾಯಿತು. ನಾನು ಕೇಳಿದ್ದು ಪಾಠವಲ್ಲ.

ಆದರೂ ಅಪ್ಪನಿಗೆ ಓದಿ ಹೇಳಿದೆ. ನಿಮ್ಮ ಹೆಸರು ಕೇಳಿದ ತಕ್ಷಣ ಕೈ ನಿಲ್ಲಿಸಿ ನೆಟ್ಟಗೆ ಕೂತ. ಒತ್ತಕ್ಷರದ ತಮಾಷೆಗೆ ಸಣ್ಣದಾಗಿ ನಕ್ಕ ಕೂಡ. ನಾಲ್ಕು ತಿಂಗಳಲ್ಲಿ ಅದೇ ಮೊದಲು. ಅವ್ವ ಒಲೆ ಬಿಟ್ಟು ಬಂದು ನಿಂತಳು. ಮುಳ್ಳು ಆರು ದಾಟಿದರೆ ಮೊದಲು ಪಂಪು ಬಂದ್ ಎನ್ನುವ ಸಾಲಿಗೆ ಬಂದಾಗ ಅಪ್ಪ ಕೈ ಅಡ್ಡ ಹಿಡಿದು, "ಸಾಕವ್ವ, ಓದಬ್ಯಾಡ" ಎಂದ. ಮುಂದೆ ಓದಲು ಬಿಡಲಿಲ್ಲ.

ಹಾಗಾಗಿ ಕೊನೆಯ ಸಾಲನ್ನು ಓದಿದವಳು ನಾನೊಬ್ಬಳೇ. 'ಗೆರೆಯಲ್ಲಂತೂ ಏನೂ ತಪ್ಪಿರಲಿಲ್ಲ.' ನಾನು ಗೆರೆಯ ಬಗ್ಗೆ ಕೇಳಿಯೇ ಇರಲಿಲ್ಲ ಕಾಕಾ. ಸುತ್ತಿನ ಬಗ್ಗೆ ಕೇಳಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ನೀವೇ ನನಗೆ ಗಾದೆ ಹೇಳಿಕೊಟ್ಟಿದ್ದಿರಿ.

ಅವತ್ತೇ ಇಎಸ್‌ಐ ಕಾಗದಗಳ ಕಟ್ಟು ಬಿಚ್ಚಿದೆ. ಕಂಪನಿಯ ವರದಿ ಮರಾಠಿಯಲ್ಲಿದೆ. ಆಪರೇಟರ್ ಭೀಮಣ್ಣ ಗುರುತು ದಾಟಿಸಿ ಬೋಲ್ಟು ಬಿಗಿದ, ಗೇಜು ನೋಡಲಿಲ್ಲ, ಗಾಗಲ್ ಹಾಕಿರಲಿಲ್ಲ, ಅಪಘಾತಕ್ಕೆ ಅವನ ನಿಷ್ಕಾಳಜಿಯೇ ಕಾರಣ. ಕೆಳಗೆ ಸಾಕ್ಷಿಯ ಸಹಿ. ಪುಟ ತುಂಬ ಮರಾಠಿ ಟೈಪಿನ ನಡುವೆ ಒಂದೇ ಒಂದು ಕನ್ನಡ ಸಹಿ. ಆ ಅಕ್ಷರ ನನಗೆ ಗೊತ್ತಿಲ್ಲದೆ ಇರುತ್ತದೆಯೇ?

ಅಪ್ಪ ಬೋಲ್ಟು ತಿರುಗಿಸುವಾಗ ನೀವು ಲೈನಿನ ಹತ್ತಿರ ಇರಲೇ ಇಲ್ಲ. ನಿಮ್ಮ ಬಸ್ಸು ಬರುವಷ್ಟರಲ್ಲಿ ಅವನನ್ನು ಆಂಬುಲೆನ್ಸಿಗೆ ಏರಿಸಿದ್ದರು ಎಂದು ಕುಶಲಣ್ಣ ಹೇಳಿದರು. ನೋಡದೆ ಇದ್ದದ್ದಕ್ಕೆ ಸಾಕ್ಷಿ ಹೇಗೆ ಹಾಕಿದಿರಿ?

ಈ ಸಹಿಯ ವಿಷಯ ಅಪ್ಪನಿಗೂ ಅವ್ವನಿಗೂ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ. ನಿಮಗಿದ್ದರೆ ಬರೆಯಿರಿ.

ಸೋನಾಲಿ


ಬಿಬವೇವಾಡಿ
೩೧ ಮಾರ್ಚ್ ೨೦೨೫

ಕಾಕಾ,

ಐದು ವಾರವಾಯಿತು, ನೀವು ಬರೆಯಲಿಲ್ಲ. ನಾನೂ ಬರೆಯಬಾರದು ಅಂದುಕೊಂಡಿದ್ದೆ.

ನಿನ್ನೆ ಯುಗಾದಿ. ಅವ್ವ ಹೋಳಿಗೆ ಮಾಡಲು ಹಂಚು ಇಟ್ಟಿದ್ದಳು. ಬೆಲ್ಲ ತರಲೆಂದು ನನ್ನನ್ನು ಕೆಳಗೆ ಕಳಿಸಿ, ನೀರಿಗೆಂದು ಅವಳು ಆಚೆ ಹೋದಳು. ಅಷ್ಟರಲ್ಲಿ ಅಪ್ಪ ಗೋಡೆ ಹಿಡಿದುಕೊಂಡು ಒಲೆಯವರೆಗೆ ಹೋಗಿ ಬಲಗೈಯನ್ನು ಕಾದ ಹಂಚಿನ ಮೇಲೆ ಇಟ್ಟಿದ್ದಾನೆ. ತಿಳಿಯದೆ ತಾಗಿದ್ದಲ್ಲ. ಇಟ್ಟು ಒತ್ತಿಕೊಂಡಿದ್ದಾನೆ. ಅವ್ವ ಕೊಡ ಬಿಟ್ಟು ಓಡಿಬಂದು ಎಳೆದಳು. ನಾನು ಬಂದಾಗ ಅವ್ವ ಕಿರುಚುತ್ತಿದ್ದಳು. ಅಪ್ಪ ಮಾತ್ರ "ಈ ಕೈ ನನ್ನ ಮಾತು ಕೇಳವಲ್ದು" ಎಂದನೇ ಹೊರತು ನೋವು ಎನ್ನಲಿಲ್ಲ.

ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಜನಕ್ಕೆ ಸುಟ್ಟಗಾಯದ ಮುಲಾಮು ಕೊಡುವವಳು ನಾನು. ನಿನ್ನೆ ಅಪ್ಪನ ಅಂಗೈಗೂ ಅದನ್ನೇ ಹಚ್ಚಿ ಪಟ್ಟಿ ಕಟ್ಟಿದೆ.

ನನಗೆ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟೂ ಶಕ್ತಿ ಉಳಿದಿಲ್ಲ. ಕಂಪನಿಗೆ ತೋರಿಸುವುದಿಲ್ಲ, ಯಾರಿಗೂ ತೋರಿಸುವುದಿಲ್ಲ, ಬರೀ ಅಪ್ಪನ ಕಿವಿಗೆ ಓದಿ ಹೇಳುತ್ತೇನೆ. ಏನಾಯಿತು ಎಂದು ಬರೆಯಿರಿ. ಮುಂದಿನ ಸಲ ಅವ್ವ ನೀರಿಗೆ ಹೋದಾಗ ಏನಾಗುತ್ತದೋ ಎಂಬ ಭಯದಲ್ಲಿ ಅವಳು ಇವತ್ತು ಬಾಗಿಲು ದಾಟಿಲ್ಲ.

ಸೋನಾಲಿ


ಹಿಂಜವಾಡಿ
೬ ಏಪ್ರಿಲ್ ೨೦೨೫

ಸೋನಾಲಿ,

ಈ ಕಾಗದವನ್ನು ಭೀಮಣ್ಣನ ಎದುರು ಗಟ್ಟಿಯಾಗಿ ಓದು. ಸಕ್ಕುಬಾಯಿಯೂ ಇರಲಿ. ಯಾವ ಸಾಲನ್ನೂ ಬಿಡಬೇಡ. ಅವನು ಸಾಕು ಅಂದರೂ ನಿಲ್ಲಿಸಬೇಡ.

ಭೀಮಣ್ಣ, ನಾಲ್ಕು ಸುತ್ತು ಸರಿ. ನಿನ್ನ ಕೈ ತಪ್ಪಲಿಲ್ಲ. ತಪ್ಪಿದ್ದು ನನ್ನ ಗೆರೆ.

ಆ ಗೇಜಿನ ಮುಳ್ಳು ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಹೊಸ ಗೇಜು ಬೇಕೆಂದು ಬರೆದುಕೊಟ್ಟು ಸಾಕಾಗಿ ನಾನೇ ಒಂದು ಉಪಾಯ ಮಾಡಿದೆ. ಸರಿಯಾಗಿ ಆರು ಕಿಲೋ ಇದ್ದಾಗ ಬೋಲ್ಟಿನ ತಲೆಯಿಂದ ಕೆಳಗಿನ ಬಾಡಿಯವರೆಗೆ ಕೆಂಪು ಪೇಂಟಿನಲ್ಲಿ ಒಂದು ಗೆರೆ ಎಳೆದೆ. ನಾಲ್ಕು ಸುತ್ತು, ಆಮೇಲೆ ಗೆರೆಗೆ ಗೆರೆ. ಕೆಲಸ ಬೇಗ ಆಗುತ್ತಿತ್ತು. ಸಾಹೇಬರು ಶಹಭಾಸ್ ಎಂದರು. ನನಗೂ ತಲೆಗೆ ಏರಿತು. "ಗೇಜ್ ಸುಳ್ಳ ಹೇಳ್ತದ, ಮುರುಗೆಪ್ಪನ ಗೆರಿ ಹೇಳಂಗಿಲ್ಲ" ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೋ. ಅದು ಸೊಕ್ಕಿನ ಮಾತು. ಗೇಜು ಕೆಟ್ಟಿದ್ದರೆ ಲೈನು ನಿಲ್ಲಿಸಬೇಕಿತ್ತು, ಗೆರೆ ಎಳೆಯಬಾರದಿತ್ತು.

ದಸರೆಯ ಖಂಡೇ ಪೂಜೆಯ ದಿನ ಲೈನು ಬಂದ್ ಮಾಡಿ ಬೋಲ್ಟು ಸಡಿಲಿಸಿ, ಎಲ್ಲ ಯಂತ್ರಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿದೆವಲ್ಲ. ರೆಗ್ಯುಲೇಟರ್ ಒರೆಸಿದವನು ನಾನು. ವರ್ಷದ ಜಿಡ್ಡು, ಗಸಗಸ ತಿಕ್ಕಿದೆ. ಅರಿವೆ ನೋಡಿದರೆ ಕೆಂಪಗಾಗಿತ್ತು. ಗೆರೆಯೇ ಹೋಗಿತ್ತು. ಸಾಹೇಬರು ಆರತಿಗೆ ಬರುವ ಹೊತ್ತು. ಎಲ್ಲರ ಮುಂದೆ ಗೆರೆ ಅಳಿಸಿದೆ ಎಂದು ಹೇಳಲು ನಾಚಿಕೆಯಾಯಿತು. ಅಂದಾಜಿನ ಮೇಲೆ ಹೊಸ ಗೆರೆ ಎಳೆದು, ಅದರ ಮೇಲೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದೆ. ಹಬ್ಬ ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಬಂದು ಗೇಜು ನೋಡಿ ಸರಿಮಾಡಿದರಾಯಿತು ಅಂದುಕೊಂಡೆ. ಅಂದಾಜು ಮುಕ್ಕಾಲು ಸುತ್ತು ಹೆಚ್ಚಾಗಿತ್ತು ಎಂದು ಈಗ ಲೆಕ್ಕ ಹಾಕುತ್ತೇನೆ.

ಮಾರನೆಯ ದಿನ ನಿಮ್ಮ ಕೋಣೆಗೆ ಬನ್ನಿ ಕೊಡಲು ಬಂದೆ. ಬಂಗಾರದಂತೆ ಇರೋಣ ಎಂದು ಇಬ್ಬರೂ ಎದೆಗೆ ಎದೆ ಹಚ್ಚಿದೆವು. ಸಕ್ಕುಬಾಯಿ ಬಡಿಸಿದ ಹೋಳಿಗೆ ಉಂಡೆ. ಗೆರೆಯ ಮಾತು ಬಾಯಿಗೆ ಬಂದು, ಊಟದ ಹೊತ್ತಿನಲ್ಲಿ ಕೆಲಸದ ಮಾತು ಯಾಕೆ ಎಂದು ಒಳಗೇ ಹೋಯಿತು.

ಸೋಮವಾರ ಬೆಳಿಗ್ಗೆ ಭೋಸರಿಯಿಂದ ಬಸ್ಸು ಹತ್ತಿದೆ. ಚಾಕಣದ ಚೌಕದಲ್ಲಿ ಟ್ರಾಫಿಕ್. ಮುಕ್ಕಾಲು ತಾಸು ಬಸ್ಸು ಮಿಸುಕಲಿಲ್ಲ. ಫೋನು ಕೈಯಲ್ಲೇ ಇತ್ತು. ನಿನ್ನ ಹೆಸರು ತೆಗೆದು ನೋಡಿದೆ. 'ಗೆರೆ ನಂಬಬೇಡ, ಮುಳ್ಳು ನೋಡು.' ಇಷ್ಟೇ ಮಾತು. ಅಕ್ಕಪಕ್ಕ ನಮ್ಮ ಶಾಪಿನವರೇ ಕೂತಿದ್ದರು. ಇಪ್ಪತ್ತೆರಡು ವರ್ಷದ ಮೇಷ್ಟ್ರು ಗೆರೆ ತಪ್ಪಿದೆ ಎಂದು ಅವರೆಲ್ಲ ಕೇಳುವ ಹಾಗೆ ಹೇಗೆ ಹೇಳಲಿ? ಇನ್ನೇನು ಬಸ್ಸು ಬಿಡುತ್ತದೆ, ಇನ್ನೇನು ತಲುಪುತ್ತೇನೆ, ಅಷ್ಟರಲ್ಲಿ ಲೈನು ಶುರುವಾಗಲಿಕ್ಕಿಲ್ಲ ಎಂದು ಫೋನು ಕಿಸೆಗೆ ಹಾಕಿದೆ. ನಾನು ಒಳಗೆ ಬಂದಾಗ ನೆಲದ ಮೇಲೆ ಕಾಸ್ಟಿಕ್ ನೀರು ಹರಿಯುತ್ತಿತ್ತು. ನಿನ್ನನ್ನು ಒಯ್ದಾಗಿತ್ತು.

ಆವತ್ತಿನಿಂದ ಫೋನು ಮುಟ್ಟಿಲ್ಲ.

ವಿಚಾರಣೆಯಲ್ಲಿ ಸಾಹೇಬರು ಮೊದಲು ಕೇಳಿದ್ದೇ "ಗೆರೆ ಸರಿ ಇತ್ತೋ?" ಎಂದು. ಸರಿ ಇತ್ತು ಅಂದೆ. ಅಂದುಬಿಟ್ಟೆ. ಒಂದು ಸುಳ್ಳಿನ ಹಿಂದೆ ಉಳಿದದ್ದನ್ನೆಲ್ಲ ಅವರೇ ಟೈಪು ಮಾಡಿ ತಂದರು. ಕಂಪನಿಗೂ ಪ್ಲಗ್ಗು ಹೊಡೆದ ವಾಲ್ವಿನ ಮಾತು ಬೇಕಿರಲಿಲ್ಲ. ನಾನು ಸಹಿ ಹಾಕಿದೆ. ನೀನು ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ನಾನು ನಿನ್ನ ಮೇಲೆ ಸಹಿ ಹಾಕಿದೆ ಭೀಮಣ್ಣ. ಬಾಗಿಲವರೆಗೆ ಬಂದು ಒಳಗೆ ಕಾಲಿಡಲಾಗಲಿಲ್ಲ.

ಮೊನ್ನೆ ಕಾರ್ಖಾನೆ ಇನ್‌ಸ್ಪೆಕ್ಟರರ ಕಚೇರಿಗೆ ಹೋಗಿ, ವಾಲ್ವು, ಗೆರೆ, ಸಹಿ, ಎಲ್ಲವನ್ನೂ ಬರೆದುಕೊಟ್ಟು ಬಂದೆ. ಸ್ವೀಕರಿಸಿದ ಶಿಕ್ಕೆ ಇರುವ ಪ್ರತಿ ಇದರ ಜೊತೆಗಿದೆ. ನನ್ನ ಮೇಲೆ ಏನು ಬರುತ್ತದೋ ಬರಲಿ.

ಕ್ಷಮಿಸು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಆ ಮಾತಿಗೆ ನಾನು ತಕ್ಕವನಲ್ಲ. ನಿನ್ನ ಕೈಗೆ ಮಾತ್ರ ಏನೂ ಮಾಡಿಕೊಳ್ಳಬೇಡ. ಅದು ಹೇಳಿಕೊಟ್ಟಷ್ಟನ್ನೇ ಮಾಡಿತು.

ಮುರುಗೆಪ್ಪ


ಬಿಬವೇವಾಡಿ
೪ ಮೇ ೨೦೨೫

ಅಪ್ಪ ತಾನೇ ಹೇಳಿ ಬರೆಸುತ್ತೇನೆ ಎಂದ. ಅವನು ಆಡಿದ್ದನ್ನು ಆಡಿದಂತೆ ಬರೆದಿದ್ದೇನೆ, ನನ್ನದು ಒಂದು ಅಕ್ಷರವೂ ಸೇರಿಸಿಲ್ಲ. ಸೋನಾಲಿ.

ಮುರುಗಣ್ಣ, ಭೀಮಣ್ಣ ಹೇಳೂದು.

ನಿನ್ನ ಕಾಗದ ಪೂರಾ ಕೇಳೀನಿ. ನಡುವ ಸಾಕು ಅಂದೆ, ಈ ಹುಡುಗಿ ನಿಲ್ಲಸಲಿಲ್ಲ. ಸಕ್ಕು ಎದ್ದು ಹೊರಗ ಹೋದ್ಳು. ಹೋಳಿಗಿ ಉಂಡ ಮಾತು ಬಂದಾಗ ಹೋದ್ಳು. ಮೂರ್ ವಾರ ಆಯ್ತು, ನಿನ್ನ ಹೆಸರು ತಗದಿಲ್ಲ. ಅಕಿಗಿ ನಾ ಏನೂ ಹೇಳಂಗಿಲ್ಲ.

ನಾನೂ ನಿನಗ ಒಂದು ಹೇಳಬೇಕು. ಗೇಜ್ ನೋಡಲಿಲ್ಲ, ಗಾಗಲ್ ಹಾಕಿರಲಿಲ್ಲ ಅಂತ ಕಂಪನಿಯವ್ರು ಬರದಾರಂತಲ್ಲ. ಅದು ಸುಳ್ಳು. ನೋಡೀನಿ. ಗಾಗಲ್ ಹಾಕಿದ್ದೆ, ಉಗಿ ಹತ್ತಿ ಮಬ್ಬಾಗಿತ್ತು. ಮುಳ್ಳು ಖರೇ ಎಲ್ಲಿ ಅದ ಕಾಣಲಿ ಅಂತ ಗಾಗಲ್ ಮ್ಯಾಲ ಎತ್ತಿದೆ. ಹತ್ತರ ಮ್ಯಾಲಿತ್ತು. ನಾ ಕಡೀಕ್ ನೋಡಿದ್ದು ಅದs.

ಪಂಪಿನ ಬಟನ್ ಒಂದು ಮಾರು ದೂರ. ಒತ್ತಬೇಕಿತ್ತು. ಕೆಳಗ ನಿನ್ನ ಗೆರಿ ನೋಡಿದೆ, ಗೆರೀಗಿ ಗೆರಿ ಕೂಡಿತ್ತು, ಮ್ಯಾಲ ಕುಂಕುಮ ಇತ್ತು. ಮುಳ್ಳು ಸಿಕ್ಕೊಂಡಿರಬೇಕು, ಮುರುಗಣ್ಣನ ಗೆರಿ ಹ್ಯಾಂಗ ತಪ್ತದ ಅಂತ ನಿಂತೆ. ಎಷ್ಟ್ ಹೊತ್ತು? ಒಂದು ಉಸುರು ತಗೊಳ್ಳೂ ಅಷ್ಟು. ಆಮ್ಯಾಲ ಹೋಸ್ ಕಿತ್ತು ಬಂತು.

ಸಾಹೇಬ್ರು ದವಾಖಾನಿಗಿ ಬಂದು ಕೇಳಿದ್ರು. ಕೈ ತಪ್ಪೀತ್ರಿ ಅಂದೆ. ನಿನ್ನ ಗೆರಿ ತಪ್ಪು ಅಂತ ನನ್ನ ಬಾಯಿಂದ ಹ್ಯಾಂಗ ಬರ್ತದ? ನೀ ಆಗ್ಲೇ ಸಹಿ ಹಾಕಿದ್ದು ನನಗ ಗೊತ್ತಿರಲಿಲ್ಲ.

ನಾ ದಿನಾ ಎಣಸ್ತಿದ್ದೆ ಅಂತ ಹುಡುಗಿ ಬರದಾಳ. ತಪ್ಪು ಹುಡುಕ್ತಾನ ಅಂತ ತಿಳದಾರ ಇವರು. ಹೌದು, ಹುಡುಕ್ತಿದ್ದೆ. ಒಮ್ಮೆರ ಐದು ಬರಲಿ ಅಂತ ಎಣಸ್ತಿದ್ದೆ. ಐದು ಬಂದ್ರ ತಪ್ಪು ನಂದಾಗ್ತಿತ್ತು, ನಿನ್ನ ಗೆರಿ ಖರೇ ಉಳೀತಿತ್ತು. ಕೈ ಪ್ರತಿ ಸಲ ನಾಕಕ್ಕs ನಿಲ್ತಿತ್ತು. ಹಟ ಹಿಡದಂಗ. ಅದಕ್ಕs ಅದರ ಮ್ಯಾಲ ಸಿಟ್ಟು ಬಂತು. ಈಗ ಎಣಸಂಗಿಲ್ಲ. ಗಾಯ ಒಣಗ್ಯಾದ, ಬೆರಳು ಪೂರಾ ಮಡಚಲಾಕ ಬರಂಗಿಲ್ಲ.

ಆಫೀಸಿನ್ಯಾಗ ಬರದು ಕೊಟ್ಟಿ, ಛಲೋ ಮಾಡಿದಿ. ಇನ್ನೊಂದು ಕೆಲಸ ಅದ. ಆ ಲೈನಿಗಿ ಈಗ ಯಾರೋ ಹೊಸಬ ಬಂದಾನಂತ. ಗೆರಿ ಇನ್ನೂ ಅಲ್ಲೇ ಇರಬಹುದು. ಕಂಪನಿ ಗೇಟಿನ್ಯಾಗ ನಿಂತಾರ ಅವನಿಗಿ ಹೇಳು. ಗೆರಿ ಅಳಸು ಅನ್ನು. ಗೇಜ್ ಹೊಸಾದು ಹಾಕೂತನ ಪಂಪ್ ಹಚ್ಚಬ್ಯಾಡ ಅನ್ನು. ನಾಚಕಿ ಪಡಬ್ಯಾಡ.

ಗೆರಿ ತಪ್ಪಿದ್ದು ನಾ ಮನಸಿನ್ಯಾಗ ಇಟ್ಕೊಂಡಿಲ್ಲ. ನಾನೂ ಮುಳ್ಳು ನೋಡಿ ನಿಂತೀನಿ, ನನ್ನದೂ ಅದ ಅದರಾಗ. ಸಹೀನೂ ಬಿಡು, ಅಂಜಿದ ಮನಷ್ಯಾ ಏನ್ ಬೇಕಾದ್ರೂ ಮಾಡ್ತಾನ. ಆದ್ರ ಆ ಬಸ್ಸಿನ ಮಾತು ಬಿಡಲಾಕ ಆಗವಲ್ದು. ಹಗಲೆಲ್ಲಾ ಅದs ಕುಂತದ ತಲಿಯಾಗ. ಮನಿಗಿ ಬಾ ಅನ್ನಲಾಕ ಬಾಯಿ ಬರವಲ್ದು, ಬರಬ್ಯಾಡ ಅನ್ನಲಾಕೂ ಬರವಲ್ದು.

ಪಂಪ್ ಹಚ್ಚೂಕಿಂತ ಮೊದಲ ಹತ್ತು ಮಿನಿಟು ನಾ ಖಾಲಿ ಕುಂತಿದ್ದೆ. ನೀ ಬರ್ತಿ, ಕೂಡೇ ಚಾ ಕುಡದು ಶುರು ಮಾಡೂಣು ಅಂತ ದಾರಿ ನೋಡ್ಲಿಕತ್ತಿದ್ದೆ. ಫೋನ್ ಅಂಗಿ ಕಿಸೇದಾಗ ಇತ್ತು ಮುರುಗಣ್ಣ. ಹಚ್ಚಿದ್ರ ಎತ್ತತಿದ್ದೆ.

ಭೀಮಣ್ಣ